ಹಾಲು, ಆಲು

ಮುನ್ನೂರು ಕೋಟಿ ಅಕ್ಷರ, ಅದರಲ್ಲಿ ಒಂದೇ ಒಂದು
ಕಾಗುಣಿತದ ತಪ್ಪು ಇರಬಹುದು, ಎಂದಳು ಡಾಕ್ಟರಮ್ಮ
ಲೀಡ್ಸಿನ ಮೂರನೇ ಮಹಡಿಯಲ್ಲಿ.
ಕಿಟಕಿಯಾಚೆ ಕ್ರೇನೊಂದು ಏನನ್ನೂ ಎತ್ತದೆ ತಿರುಗುತ್ತಿತ್ತು.

ನನಗೆ ನಗು ಬಂತು. ಅವಳಿಗೇನು ಗೊತ್ತು,
ಶಿವರಾಂಪೇಟೆಯ ಮುದ್ರಣಾಲಯದಲ್ಲಿ
ಒಂಬತ್ತು ವರ್ಷ ಕರಡು ತಿದ್ದಿದವಳು ನಾನು.
ಪಂಚಾಂಗ, ಲಗ್ನಪತ್ರಿಕೆ, ಏಳನೇ ಕ್ಲಾಸಿನ ಗೈಡು,
ತಿಥಿಯ ಕಾರ್ಡಿನಲ್ಲಿ ಸತ್ತವರ ಹೆಸರಿಗೆ ದೀರ್ಘ ಕೊಟ್ಟವಳು.
ತೋರಿಸು ತಾಯಿ, ಯಾವ ಪುಟ? ಯಾವ ಸಾಲು?
ಕೆಂಪು ಪೆನ್ನು ಬ್ಯಾಗಲ್ಲೇ ಇದೆ.

ಪೃಥುವಿಗೆ ಈಗ ಏಳು.
ಹನ್ನೊಂದು ತಿಂಗಳಿಗೆ ಶುರುವಾಯಿತು ಹುಡುಕಾಟ.
ಕತ್ತು ನಿಲ್ಲುತ್ತಿಲ್ಲ ಎಂದೆವು. ಗಂಡುಮಕ್ಕಳು ನಿಧಾನ, ಎಂದರು.
ಮನೆಯಲ್ಲಿ ಎರಡು ಭಾಷೆ, ಅದಕ್ಕೇ ಗೊಂದಲ, ಎಂದರು.
ಸಂಬಂಧದೊಳಗೇ ಮದುವೆಯಾ ನಿಮ್ಮದು, ಎಂದರು,
ಮೂರು ಊರಲ್ಲಿ, ಐದು ಸಲ.
ಅಲ್ಲ ಅನ್ನುವಾಗ ಗಂಡ ಮೇಜಿನ ಅಂಚು ಹಿಡಿದುಕೊಳ್ಳುತ್ತಾನೆ.

ಹಲ್‌ನಿಂದ ಶೆಫೀಲ್ಡು, ಶೆಫೀಲ್ಡಿನಿಂದ ಲೀಡ್ಸು.
ರಕ್ತ, ಬೆನ್ನುಹುರಿಯ ನೀರು,
ತೊಡೆಯಿಂದ ಅಕ್ಕಿಕಾಳಿನಷ್ಟು ಮಾಂಸ.
ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅವನ ಉಚ್ಚೆಯ ಡಬ್ಬಿ,
ಮೇಲೆ ಹಿತಳ ಕೈಬರಹ: ಇದು ಆಪಲ್ ಜ್ಯೂಸ್ ಅಲ್ಲ.

ಪ್ರತಿ ಟೆಸ್ಟಿಗೂ ಒಂದು ಕಾಗದ. ಸಹಜ. ಸಹಜ. ಸಹಜ.
ಇಷ್ಟು ಸಹಜವಾದ ಮಗು ಭೂಮಿ ಮೇಲೆ ಇನ್ನೊಂದಿರಲಾರದು.
ಕೆಟ್ಟ ಸುದ್ದಿಗೆ ಹರಕೆ ಹೊತ್ತವಳ ಹಾಗೆ ಲಕೋಟೆ ಒಡೆದು
ಒಳ್ಳೆಯ ಸುದ್ದಿಗೆ ಅತ್ತಿದ್ದೇನೆ. ಇದನ್ನು ಯಾರಿಗೆ ಹೇಳಲಿ?
ಅಕ್ಕ ಫೋನಲ್ಲಿ ಗದರುತ್ತಾಳೆ:
ನಾರ್ಮಲ್ ಬಂತಲ್ಲೇ, ಇನ್ನೇನು ನಿಂದು!

ಕೆಂಪರಾಜು ಕ್ಯಾರವಾನ್ ಕಾರ್ಖಾನೆಯಲ್ಲಿ ಕಿಟಕಿ ಕೂರಿಸುತ್ತಾನೆ.
ಆಸ್ಪತ್ರೆಯ ಪಾರ್ಕಿಂಗ್ ಚೀಟಿಗಳನ್ನೆಲ್ಲ
ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಾನೆ. ಯಾಕೆಂದರೆ ಹೇಳುವುದಿಲ್ಲ.
ತಮ್ಮನಿಗೇನಾಗಿದೆ ಎಂದು ಶಾಲೆಯಲ್ಲಿ ಕೇಳಿದವರಿಗೆ
ಹಿತ ವಾರಕ್ಕೊಂದು ರೋಗ ಕಟ್ಟಿ ಹೇಳುತ್ತಿದ್ದಳಂತೆ.
ಕೊನೆಗೊಂದು ‘ಸಿಸ್’ ಸೇರಿಸಿದರೆ ಸಾಕಮ್ಮ, ಎಲ್ಲರೂ ನಂಬ್ತಾರೆ.
ಬೈಯಲು ಹೋದೆ, ಬಾಯಿ ಬರಲಿಲ್ಲ.
ಬಸ್ಸಿನಲ್ಲಿ ಕೇಳಿದ ಮುದುಕಿಗೆ ನಾನೂ
ಸ್ವಲ್ಪ ಜ್ವರ, ಎಂದಿದ್ದೆ.

ಹನ್ನೆರಡನೇ ದಿನ ಅವನ ಕಿವಿಯಲ್ಲಿ
ಮೂರು ಸಲ ಹೆಸರು ಉಸುರಿದ್ದೆವು.
ತೊಟ್ಟಿಲಿರಲಿಲ್ಲ, ಬಟ್ಟೆ ಒಗೆಯುವ ಬುಟ್ಟಿಯಲ್ಲೇ ಶಾಸ್ತ್ರ.
ಅದಕ್ಕೆ ಮಾತ್ರ ಇನ್ನೂ ನಾಮಕರಣವಿಲ್ಲ.
ಮನೆಯಲ್ಲಿ ‘ಅದು’ ಅನ್ನುತ್ತೇವೆ,
ಬಾಡಿಗೆ ಕೊಡದೆ ಕೂತವರ ಬಗ್ಗೆ ಮಾತಾಡುವ ಹಾಗೆ, ಮೆಲ್ಲಗೆ.

ಈ ಸಲದ ಕಾಗದದಲ್ಲಿ ಹೊಸ ಸಾಲು:
ಒಂದು ವ್ಯತ್ಯಾಸ ಸಿಕ್ಕಿದೆ. ಅದರ ಅರ್ಥ ಖಚಿತವಿಲ್ಲ.
ಎರಡು ವರ್ಷ ಬಿಟ್ಟು ಮತ್ತೆ ನೋಡೋಣ.

ಕರಡಿನಲ್ಲೂ ಇಂಥವು ಬರುತ್ತಿದ್ದವು.
ತಪ್ಪೋ, ಬರೆದವನ ಊರಿನ ಮಾತೋ ತಿಳಿಯುತ್ತಿರಲಿಲ್ಲ.
ಅಂಚಿನಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸುತ್ತಿದ್ದೆ.
ಕೆಲವಕ್ಕೆ ಉತ್ತರ ಬಂತು. ಕೆಲವು ಪ್ರಶ್ನೆಯ ಸಮೇತ ಅಚ್ಚಾದವು.
ಹಾಗೇ ಇರಲಿ ಎಂದು ಅಡಿಯಲ್ಲಿ ಚುಕ್ಕಿ ಇಡುವಷ್ಟು
ದೊಡ್ಡ ಮನಸ್ಸು ನನ್ನದಲ್ಲ.
ರಾತ್ರಿ ಅವನ ಬೆನ್ನ ಮೇಲೆ ಬೆರಳಾಡಿಸುತ್ತ
ಇನ್ನೂ ಆ ಸಾಲನ್ನೇ ಹುಡುಕುತ್ತೇನೆ.

ನಿನ್ನೆ ಬೆಳಗ್ಗೆ ಫ್ರಿಜ್ಜಿನ ಕಡೆ ತಿರುಗಿ
ಪೃಥು ‘ಆ’ ಅಂದ.
ಬಾಯಿ ಒದ್ದಾಡಿತು. ಬಹಳ ಹೊತ್ತಿನ ಮೇಲೆ, ‘ಲು’.

‘ಹ’ ಬಿಟ್ಟುಹೋಗಿದೆ, ಎಂದಿತು ಒಳಗಿನ ಕೆಂಪು ಪೆನ್ನು.
ಕೆಂಪರಾಜು ಆಗಲೇ ಬಗ್ಗಿಸುತ್ತಿದ್ದ.
ಅವನ ಊರಲ್ಲಿ ಆ ಅಕ್ಷರವನ್ನು ಯಾರೂ ಬಳಸುವುದಿಲ್ಲ;
ಹನ್ನೆರಡು ವರ್ಷದಿಂದ ಮಗಳನ್ನು ‘ಇತಾ’ ಅಂತಲೇ ಕೂಗುತ್ತಾನೆ,
ಅವಳು ಓ ಅನ್ನುತ್ತಾಳೆ.

ಸರಿಯಾಗೇ ಯೋಳವ್ನೆ, ಅಂದ. ಆಲು.

ಲೋಟದ ಮುಚ್ಚಳ ಸಿಗಲಿಲ್ಲ.
ಮೂವರೂ ಸೇರಿ ಅದನ್ನು ಹುಡುಕಿದೆವು.